ತಳಿಯ ಗುಣ ಮತ್ತು ಎಳೆತನದ ಆರೈಕೆ

(ವೈದ್ಯನಾಥಪುರದಲ್ಲಿ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಬರಹರೂಪ)



ಶಿಂಷಾ ನದಿಯ ದಡದಲ್ಲಿರುವ ಈ ಊರು ವೈದ್ಯರಿಗೇ ಒಡೆಯನಾದ ಈಶ್ವರನ ಹೆಸರನ್ನು ಹೊತ್ತಿದೆ. ಇಂಥ ಊರಿನಲ್ಲಿ ನಿಂತು ಆರೋಗ್ಯದ ಮಾತನ್ನಾಡಲು ದನದ ಡಾಕ್ಟರಾದ ನನಗೆ ಸ್ವಲ್ಪ ಅಳುಕು ಇದೆ. ಆದರೂ ಬಹಳ ದಿನಗಳಿಂದ ನಿಮ್ಮ ಮುಂದೆ ಇಡಬೇಕೆಂದಿದ್ದ ಒಂದು ವಿಚಾರ ಇದೆ. ಅದನ್ನು ಇಂದು ಹೇಳಿ ಮುಗಿಸುತ್ತೇನೆ.

ನಮ್ಮಲ್ಲಿ ಎರಡು ಗಾದೆಗಳಿವೆ. ಒಂದು, ‘ಹುಟ್ಟುಗುಣ ಸುಟ್ಟರೂ ಹೋಗದು’. ಇನ್ನೊಂದು, ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಮೊದಲನೆಯದು ಎಲ್ಲವೂ ಹುಟ್ಟಿನಲ್ಲೇ ಇದೆ ಎನ್ನುತ್ತದೆ. ಎರಡನೆಯದು ಎಳೆತನದಲ್ಲಿ ತಿದ್ದಿದರೆ ಉಂಟು, ಆಮೇಲೆ ಇಲ್ಲ ಎನ್ನುತ್ತದೆ. ಇವೆರಡರಲ್ಲಿ ಯಾವುದು ಸರಿ? ಎರಡೂ ಸರಿ, ಎರಡನ್ನೂ ಕೂಡಿಸಿಕೊಂಡರೆ ಮಾತ್ರ ಲೆಕ್ಕ ಸರಿಹೋಗುತ್ತದೆ ಎಂಬುದೇ ನನ್ನ ಮಾತಿನ ಸಾರ.

ಕಡ್ಡಿಯ ತಪ್ಪೋ, ಕೊಟ್ಟಿಗೆಯ ತಪ್ಪೋ?

ಕೆಲವು ವರ್ಷಗಳ ಹಿಂದೆ ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎರಡು ಮನೆಯ ಹಸುಗಳಿಗೆ ಒಂದೇ ವಾರದಲ್ಲಿ, ಒಂದೇ ಹೋರಿಯ ವೀರ್ಯದ ಕಡ್ಡಿಯಿಂದ ಕೃತಕ ಗರ್ಭಧಾರಣೆ ಮಾಡಲಾಯಿತು. ಎರಡೂ ಹೆಣ್ಣು ಕರುಗಳನ್ನೇ ಹಾಕಿದವು. ತಾಯಿ ಹಸುಗಳೆರಡೂ ಹೆಚ್ಚುಕಡಿಮೆ ಒಂದೇ ಅಳತೆಯ ಹಾಲು ಕೊಡುವಂಥವು. ಮೊದಲ ಮನೆಯ ಕರು 28 ತಿಂಗಳಿಗೆ ಮೊದಲ ಸೂಲು ಕಂಡಿತು. ದಿನಕ್ಕೆ 11 ಲೀಟರ್‌ವರೆಗೆ ಹಾಲು ಕೊಟ್ಟಿತು. ಎರಡನೆಯ ಮನೆಯದು ಮೂರು ವರ್ಷ ದಾಟಿ 41 ತಿಂಗಳಿಗೆ ಕರು ಹಾಕಿತು. ಹಾಲು ಆರು ಲೀಟರ್ ದಾಟಲಿಲ್ಲ.

ಎರಡನೆಯ ಮನೆಯ ಯಜಮಾನರು ಒಂದು ದಿನ ಡೇರಿಯ ಮುಂದೆ ನನ್ನನ್ನು ತಡೆದು ನಿಲ್ಲಿಸಿದರು. “ಸಾ, ಆ ಕಡ್ಡೀಲೇ ಏನೋ ಐಬಿತ್ತು ಕನ್ ಸಾ. ಅವರಿಗೆ ಒಳ್ಳೇದು ಹಾಕಿ ನಮಗೆ ಬೇರೆ ಹಾಕವ್ರೆ” ಎಂದರು. ಅವರ ಸಿಟ್ಟು ನ್ಯಾಯವಾದದ್ದೇ. ಮೂರು ವರ್ಷಕ್ಕೂ ಹೆಚ್ಚು ಕಾಲ ಮೇವು ಹಾಕಿ ಸಾಕಿದ ಜೀವ ಅದು. ನಾನು ರಿಜಿಸ್ಟರು ತೆಗೆಸಿ ಹೋರಿಯ ನಂಬರನ್ನು ತೋರಿಸಿದೆ. ಎರಡೂ ಒಂದೇ. ಆಮೇಲೆ ಅವರ ಕೊಟ್ಟಿಗೆಗೆ ಹೋಗಿ ಕುಳಿತು ಕರು ಹುಟ್ಟಿದ ದಿನದಿಂದ ಏನೇನು ನಡೆಯಿತೆಂದು ಒಂದೊಂದಾಗಿ ಕೇಳಿದೆ.

ಕರು ಹುಟ್ಟಿದ್ದು ರಾತ್ರಿ. ಕಸ ಬೀಳುವ ತನಕ ಹಾಲು ಕರೆಯಬಾರದು ಎಂದು ಬೆಳಗಿನವರೆಗೆ ಕರುವಿಗೆ ಏನೂ ಕುಡಿಸಲಿಲ್ಲ. ಬೆಳಿಗ್ಗೆ ಕರೆದ ಹಾಲಿನಲ್ಲಿ ಹೆಚ್ಚಿನ ಪಾಲು ಗಿಣ್ಣು ಮಾಡಲು ಹೋಯಿತು, ನೆಂಟರಿಗೂ ನೆರೆಯವರಿಗೂ ಹಂಚಿಕೆಯಾಯಿತು. ಮೂರನೆಯ ವಾರದಲ್ಲಿ ಕರುವಿಗೆ ಭೇದಿ ಹಿಡಿಯಿತು, ಹೇಗೋ ಉಳಿಯಿತು. ಆಮೇಲೆ ಒಂದು ಮೊಲೆಯ ಹಾಲು ಮಾತ್ರ ಅದರ ಪಾಲಿಗೆ. ಎರಡು ತಿಂಗಳಿಗೆ ಅದೂ ನಿಂತು ಭತ್ತದ ಹುಲ್ಲು ಮತ್ತು ಕಬ್ಬಿನ ಸೋಗೆ. ಜಂತಿನ ಔಷಧಿ ಹಾಕಿಸಿದ್ದು ಹೊಟ್ಟೆ ಮಡಕೆಯಂತೆ ಊದಿದ ಮೇಲೆ. ಅವರು ಕೆಟ್ಟವರಲ್ಲ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳಲ್ಲಿ ನಡೆಯುವುದೇ ಅಲ್ಲಿ ನಡೆದಿತ್ತು.

ಕಡ್ಡಿಯಲ್ಲಿ ಐಬಿರಲಿಲ್ಲ. ಕಡ್ಡಿಯಲ್ಲಿ ಬಂದದ್ದು ತೆರೆದುಕೊಳ್ಳಲು ಅವಕಾಶ ಸಿಗಲಿಲ್ಲ.

ವಂಶವಾಹಿ ಎಂದರೇನು?

ಹಸುವಿನ ಮೈಯ ಪ್ರತಿಯೊಂದು ಜೀವಕೋಶದಲ್ಲೂ 30 ಜೋಡಿ ವರ್ಣತಂತುಗಳಿವೆ. ಮನುಷ್ಯನಲ್ಲಿ 23 ಜೋಡಿ. ಪ್ರತಿ ಜೋಡಿಯಲ್ಲಿ ಒಂದು ತಂದೆಯದು, ಒಂದು ತಾಯಿಯದು. ಈ ವರ್ಣತಂತುಗಳ ಮೇಲೆ ವಂಶವಾಹಿಗಳು, ಅಂದರೆ ಜೀನ್‌ಗಳು, ಸಾಲಾಗಿ ಕುಳಿತಿವೆ. ಬಣ್ಣ, ಎತ್ತರ, ಹಾಲಿನ ಅಳತೆ, ಜಿಡ್ಡು, ರೋಗ ತಡೆಯುವ ಶಕ್ತಿ ಇವೆಲ್ಲದರ ಬರಹ ಅಲ್ಲಿರುತ್ತದೆ.

ಈ ಬರಹಕ್ಕೆ ಬೆಲೆ ಇಲ್ಲವೆಂದು ಯಾರೂ ತಿಳಿಯಬಾರದು. ನಮ್ಮ ಹಳ್ಳಿಕಾರ್ ಹಸುವಿಗೆ ಎಷ್ಟೇ ಹಿಂಡಿ ಬೂಸಾ ಹಾಕಿದರೂ ಅದು ಎಚ್.ಎಫ್. ಹಸುವಿನಷ್ಟು ಹಾಲು ಕೊಡುವುದಿಲ್ಲ. ಎಚ್.ಎಫ್. ಹೋರಿಗೆ ಎಷ್ಟೇ ಆರೈಕೆ ಮಾಡಿದರೂ ಹಳ್ಳಿಕಾರ್ ಎತ್ತಿನಂತೆ ಬಿಸಿಲಿನಲ್ಲಿ ನೊಗ ಹೊರುವುದಿಲ್ಲ. ಆದ್ದರಿಂದ ಒಳ್ಳೆಯ ಹೋರಿಯ ಆಯ್ಕೆ ಬೇಕೇ ಬೇಕು.

ಆದರೆ ವಂಶವಾಹಿ ಇದ್ದ ಮಾತ್ರಕ್ಕೆ ಅದು ಕೆಲಸ ಮಾಡುತ್ತದೆ ಎಂದಲ್ಲ. ಹೊಸ ಮನೆಗೆ ವೈರಿಂಗ್ ಮಾಡಿಸಿದ್ದೀರಿ, ಇಪ್ಪತ್ತು ಬಲ್ಬು ಹಾಕಿಸಿದ್ದೀರಿ ಎಂದುಕೊಳ್ಳಿ. ಯಾವ ಬಲ್ಬು ಹತ್ತಬೇಕು, ಯಾವುದು ಆರಬೇಕು ಎಂಬುದು ಸ್ವಿಚ್ಚಿನ ಕೈಯಲ್ಲಿದೆ. ಹಾಗೆಯೇ ವಂಶವಾಹಿಗಳನ್ನು ಹತ್ತಿಸುವ, ಆರಿಸುವ ವ್ಯವಸ್ಥೆ ಜೀವಕೋಶದೊಳಗೆ ಇದೆ. ತಾಯಿಯ ಹೊಟ್ಟೆಯಲ್ಲಿದ್ದಾಗ ಮತ್ತು ಹುಟ್ಟಿದ ಮೊದಲ ತಿಂಗಳುಗಳಲ್ಲಿ ಸಿಕ್ಕ ಆಹಾರ, ಬಂದ ಕಾಯಿಲೆ, ತಗುಲಿದ ಬಿಸಿಲು ಇವು ಆ ಸ್ವಿಚ್ಚುಗಳ ಮೇಲೆ ಗುರುತು ಬಿಡುತ್ತವೆ. ಕೆಲವು ಗುರುತುಗಳು ಜೀವಮಾನವಿಡೀ ಉಳಿಯುತ್ತವೆ.

ಜೇನುಗೂಡನ್ನು ನೋಡಿ. ರಾಣಿ ಜೇನು ಮತ್ತು ಕೆಲಸಗಾರ ಜೇನು ಒಂದೇ ಬಗೆಯ ಮೊಟ್ಟೆಯಿಂದ ಬಂದವು. ಮರಿಹುಳುವಾಗಿದ್ದಾಗ ಯಾವುದಕ್ಕೆ ವಿಶೇಷ ಆಹಾರವನ್ನು ಕೊನೆಯವರೆಗೂ ತಿನ್ನಿಸುತ್ತಾರೋ ಅದು ರಾಣಿಯಾಗಿ ವರ್ಷಗಟ್ಟಲೆ ಬದುಕುತ್ತದೆ. ಉಳಿದವು ಕೆಲಸಗಾರರಾಗಿ, ದುಡಿಮೆಯ ಕಾಲದಲ್ಲಿ ಕೆಲವೇ ವಾರ ಬದುಕುತ್ತವೆ. ಒಂದೇ ಬಗೆಯ ಮೊಟ್ಟೆ, ಬೇರೆ ಊಟ, ಬೇರೆ ಬಾಳು.

ನಿಮಗೆ ಇನ್ನೂ ಹತ್ತಿರದ ಉದಾಹರಣೆ ಭತ್ತದ ಒಟ್ಲು. ವಿ.ಸಿ. ಫಾರಂನಿಂದ ಎಷ್ಟೇ ಒಳ್ಳೆಯ ಬಿತ್ತನೆ ತಂದರೂ ಒಟ್ಲಿನಲ್ಲಿ ಪೈರು ಸೊರಗಿದರೆ, ನಾಟಿಯಾದ ಮೇಲೆ ಮೂಟೆಗಟ್ಟಲೆ ಗೊಬ್ಬರ ಸುರಿದರೂ ತೆಂಡೆ ಒಡೆಯುವುದು ಅಷ್ಟಕ್ಕಷ್ಟೆ. ಜೊಳ್ಳು ಬಿತ್ತನೆಯನ್ನು ಎಷ್ಟು ಚೆನ್ನಾಗಿ ಒಟ್ಲು ಹಾಕಿದರೂ ಅದೇ ಪಾಡು. ಬೀಜ ಮತ್ತು ಒಟ್ಲು ಎರಡೂ ಸೇರಿಯೇ ಬೆಳೆ.

ತಾಯಿಯ ಹೊಟ್ಟೆಯಲ್ಲೇ ಪ್ರಾರಂಭ

ಕರುವಿನ ಆರೈಕೆ ಕರು ಹುಟ್ಟಿದ ಮೇಲೆ ಪ್ರಾರಂಭವಾಗುವುದಿಲ್ಲ. ಹೊಟ್ಟೆಯಲ್ಲಿರುವ ಕರು ತನ್ನ ತೂಕದ ಬಹುಪಾಲನ್ನು ಗಬ್ಬದ ಕೊನೆಯ ಎರಡು ಮೂರು ತಿಂಗಳಲ್ಲಿ ಗಳಿಸುತ್ತದೆ. ಆದರೆ ನಾವು ಮಾಡುವುದೇನು? ಹಾಲು ಬತ್ತಿದ ದಿನವೇ ಹಿಂಡಿಯನ್ನೂ ನಿಲ್ಲಿಸುತ್ತೇವೆ. ‘ಹಾಲು ಕೊಡದ ಹಸುವಿಗೆ ಏಕೆ ಖರ್ಚು’ ಎನ್ನುತ್ತೇವೆ. ಆ ಹೊತ್ತಿನಲ್ಲಿ ಹಸು ಕರುವನ್ನು ಕಟ್ಟುತ್ತಿರುತ್ತದೆ, ಮುಂದಿನ ಸೂಲಿನ ಕೆಚ್ಚಲನ್ನೂ ಕಟ್ಟುತ್ತಿರುತ್ತದೆ. ಹುಲ್ಲು ಸೋಗೆ ಎರಡರಲ್ಲೇ ಸಾಕಷ್ಟು ಸಾರಜನಕ, ಸುಣ್ಣ, ರಂಜಕ ಸಿಗುವುದಿಲ್ಲ. ಆದ್ದರಿಂದ ಕರು ಹಾಕುವ 60 ದಿನ ಮೊದಲು ಹಾಲು ಬತ್ತಿಸಿ, ಪಶು ಆಹಾರ ಮತ್ತು ಹಸಿ ಮೇವನ್ನು ಮಾತ್ರ ನಿಲ್ಲಿಸಬೇಡಿ. ಖನಿಜ ಮಿಶ್ರಣವನ್ನು ಎಷ್ಟು ಕೊಡಬೇಕೆಂದು ನಿಮ್ಮ ಪಶುವೈದ್ಯರನ್ನು ಕೇಳಿಕೊಳ್ಳಿ.

ಬಿಸಿಲಿನ ಮಾತನ್ನೂ ಹೇಳಬೇಕು. ಅಮೆರಿಕದ ಫ್ಲಾರಿಡಾ ನಮ್ಮ ಹಾಗೆಯೇ ಸೆಖೆಯ ನಾಡು. ಅಲ್ಲಿನ ವಿಶ್ವವಿದ್ಯಾನಿಲಯದವರು ಗಬ್ಬದ ಕೊನೆಯ ವಾರಗಳಲ್ಲಿ ಕೆಲವು ಹಸುಗಳನ್ನು ನೀರು, ಫ್ಯಾನಿನಿಂದ ತಂಪಾಗಿಟ್ಟರು, ಕೆಲವನ್ನು ಬರಿಯ ನೆರಳಿನಲ್ಲಿ ಬಿಟ್ಟರು. ಆ ಕರುಗಳು ಬೆಳೆದು ಹಸುಗಳಾದ ಮೇಲೆ ಹಾಲು ಅಳೆದರು. 2016ರಲ್ಲಿ ಪ್ರಕಟವಾದ ಲೆಕ್ಕದಂತೆ, ಹೊಟ್ಟೆಯಲ್ಲಿ ಸೆಖೆ ಉಂಡ ಕರುಗಳು ಮೊದಲ ಸೂಲಿನಲ್ಲಿ ದಿನಕ್ಕೆ ಸುಮಾರು ಐದು ಕಿಲೋ ಕಡಿಮೆ ಹಾಲು ಕೊಟ್ಟವು. ಅಲ್ಲಿನ ಹಸುಗಳು ನಮ್ಮವಕ್ಕಿಂತ ಬಹಳ ಹೆಚ್ಚು ಹಾಲಿನವು, ಆದ್ದರಿಂದ ಅದೇ ಅಂಕಿ ಇಲ್ಲಿಗೂ ಅನ್ವಯಿಸುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ತುಂಬು ಗಬ್ಬದ ಹಸುವನ್ನು ಶೀಟಿನ ಕೆಳಗೆ ಕಟ್ಟುವವರು ಇದನ್ನು ಯೋಚಿಸಬೇಕು. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ, ಇಲ್ಲವೇ ಹೊಂಗೆ ಮರದ ನೆರಳಿಗೆ ಕಟ್ಟಿ, ಕುಡಿಯುವ ನೀರು ಸದಾ ಮುಂದಿರಲಿ. ಇದಕ್ಕೆ ಹೆಚ್ಚು ದುಡ್ಡು ಬೇಕಾಗಿಲ್ಲ.

ಇನ್ನೊಂದು ಸಂಗತಿ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಹೆಣ್ಣು ಕರು ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರ ಅಂಡಾಶಯದಲ್ಲಿ ಮುಂದಿನ ಪೀಳಿಗೆಯ ಅಂಡಾಣುಗಳು ತಯಾರಾಗಿರುತ್ತವೆ. ಎಂದರೆ ಗಬ್ಬದ ಹಸುವಿಗೆ ನೀವು ಹಾಕುವ ಒಂದು ಹಿಡಿ ಹಿಂಡಿ ಹಸು, ಕರು, ಮೊಮ್ಮಗು ಹೀಗೆ ಮೂರು ತಲೆಮಾರಿನ ಬಾಯಿಗೆ ಹೋಗುತ್ತದೆ.

ಗಿಣ್ಣುಹಾಲಿನ ಲೆಕ್ಕ

ಮನುಷ್ಯರ ಮಗುವಿಗೆ ರೋಗ ತಡೆಯುವ ಶಕ್ತಿಯಲ್ಲಿ ಸ್ವಲ್ಪ ಭಾಗ ಹೊಟ್ಟೆಯಲ್ಲಿದ್ದಾಗಲೇ ತಾಯಿಯ ರಕ್ತದಿಂದ ಬರುತ್ತದೆ. ಕರುವಿಗೆ ಹಾಗೆ ಬರುವುದಿಲ್ಲ. ಅದು ಬರಿಗೈಯಲ್ಲಿ ಹುಟ್ಟುತ್ತದೆ. ಅದರ ಪಾಲಿನ ರಕ್ಷಣೆಯೆಲ್ಲ ಗಿಣ್ಣುಹಾಲಿನಲ್ಲಿದೆ. ಆ ರಕ್ಷಣೆಯನ್ನು ಹೀರಿಕೊಳ್ಳಲು ಕರುಳಿನ ಬಾಗಿಲು ಹುಟ್ಟಿದ ಮೊದಲ ಗಂಟೆಗಳಲ್ಲಿ ಪೂರ್ತಿ ತೆರೆದಿರುತ್ತದೆ. ಗಂಟೆ ಕಳೆದಂತೆ ಮುಚ್ಚುತ್ತಾ ಬಂದು ಸುಮಾರು 24 ಗಂಟೆಗೆ ಮುಚ್ಚಿಹೋಗುತ್ತದೆ. ಆಮೇಲೆ ಬಿಂದಿಗೆ ಗಿಣ್ಣುಹಾಲು ಕುಡಿಸಿದರೂ ಅದು ಆಹಾರವಾದೀತೇ ಹೊರತು ರಕ್ಷಣೆಯಾಗದು.

ಕಸ ಬೀಳುವವರೆಗೆ ಕಾಯಬೇಕು ಎಂಬುದು ತಪ್ಪು ತಿಳಿವಳಿಕೆ. ಕರು ಮೊಲೆ ಚೀಪಿದರೆ ಗರ್ಭಕೋಶ ಸಂಕುಚಿತಗೊಂಡು ಕಸ ಬೀಳಲು ಸಹಾಯವೇ ಆಗುತ್ತದೆ. ಕರುವಿನ ತೂಕದ ಹತ್ತನೆಯ ಒಂದು ಭಾಗ ಗಿಣ್ಣುಹಾಲು ಮೊದಲ ದಿನ ಹೊಟ್ಟೆಗೆ ಸೇರಬೇಕು. 25 ಕಿಲೋ ಕರುವಿಗೆ ಎರಡೂವರೆ ಲೀಟರ್. ಅದರಲ್ಲಿ ಅರ್ಧ ಮೊದಲ ಎರಡು ಗಂಟೆಯೊಳಗೆ. ಕರುವಿನ ಪಾಲು ಮುಗಿದ ಮೇಲೆ ಉಳಿದದ್ದರಲ್ಲಿ ಗಿಣ್ಣು ಮಾಡಿಕೊಳ್ಳಿ, ನನಗೂ ಒಂದು ತುಂಡು ಇಡಿ, ಬೇಡ ಎನ್ನುವುದಿಲ್ಲ.

ಮುಂದಿನ ಆರು ತಿಂಗಳು

‘ಹಾಲೆಲ್ಲ ಕರುವಿಗೆ ಕುಡಿಸಿದರೆ ಡೇರಿಗೆ ಏನು ಹಾಕೋಣ’ ಎಂದು ಕೇಳುತ್ತೀರಿ. ಲೆಕ್ಕ ಹಾಕೋಣ. ಎರಡು ತಿಂಗಳು ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ಎಂದರೆ 150ರಿಂದ 180 ಲೀಟರ್. ಇದನ್ನು ಉಳಿಸಲು ಹೋಗಿ ಕರು ಸೊರಗಿ, ಮೊದಲ ಸೂಲು ಒಂದು ವರ್ಷ ತಡವಾದರೆ ಹಸುವಿನ ಬಾಳಿನಲ್ಲಿ ಒಂದು ಸೂಲೇ ಕೈತಪ್ಪುತ್ತದೆ. ದಿನಕ್ಕೆ ಎಂಟು ಲೀಟರ್‌ನಂತೆ 300 ದಿನಕ್ಕೆ 2,400 ಲೀಟರ್. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದವರು 2012ರಲ್ಲಿ ತಮ್ಮ ಹಿಂಡಿನ ಲೆಕ್ಕವನ್ನು ಪ್ರಕಟಿಸಿದರು. ಹಾಲು ಬಿಡಿಸುವ ಮೊದಲು ಕರು ದಿನಕ್ಕೆ 100 ಗ್ರಾಂ ಹೆಚ್ಚು ತೂಕ ಗಳಿಸಿದ್ದರೆ, ಮೊದಲ ಸೂಲಿನಲ್ಲಿ ಸುಮಾರು 85 ಕಿಲೋ ಹೆಚ್ಚು ಹಾಲು ಕಂಡುಬಂದಿತ್ತು. ಕರುವಿಗೆ ಕೊಟ್ಟ ಹಾಲು ಖರ್ಚಲ್ಲ, ಠೇವಣಿ.

ಆದರೆ ಅತಿಯಾದರೆ ಅಮೃತವೂ ವಿಷ. ಹಾಲು ಬಿಟ್ಟ ಮೇಲೆ ಬೆದೆಗೆ ಬರುವ ಮೊದಲಿನ ತಿಂಗಳುಗಳಲ್ಲಿ ಪಡ್ಡೆಗೆ ಮಿತಿಮೀರಿ ಹಿಂಡಿ ತಿನ್ನಿಸಿ ಕೊಬ್ಬು ಬರಿಸಿದರೆ, ಕೆಚ್ಚಲಿನಲ್ಲಿ ಹಾಲಿನ ಗ್ರಂಥಿಯ ಜಾಗಕ್ಕೆ ಕೊಬ್ಬು ಸೇರಿಕೊಳ್ಳುತ್ತದೆ. ನೋಡಲು ಮಿರಮಿರ ಮಿಂಚುವ ಪಡ್ಡೆ ಹಾಲಿಗೆ ಹಿಂದೆ ಬೀಳುತ್ತದೆ. ದಿನಕ್ಕೆ 400ರಿಂದ 500 ಗ್ರಾಂ ತೂಕ ಒಂದೇ ಸಮನಾಗಿ ಏರುತ್ತಿದ್ದರೆ ನಮ್ಮ ಮಿಶ್ರತಳಿ ಕರುಗಳಿಗೆ ಸಾಕು.

ಮೈಸೂರಿನ ಆಸ್ಪತ್ರೆಯ ರಿಜಿಸ್ಟರು

ಇಷ್ಟು ಹೊತ್ತು ಕೊಟ್ಟಿಗೆಯ ಮಾತಾಯಿತು. ಈಗ ಮನೆಯೊಳಗಿನ ಮಾತು. ಕರುವಿಗೆ ಅನ್ವಯಿಸುವ ಈ ನಿಯಮ ನಮ್ಮ ಮಕ್ಕಳಿಗೂ ಅನ್ವಯಿಸುತ್ತದೆಯೇ? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಇಲ್ಲಿಂದ ಸುಮಾರು ಅರವತ್ತು ಕಿಲೋಮೀಟರ್ ಆಚೆ ಮೈಸೂರಿನಲ್ಲೇ ಇದೆ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ನಿಮಗೆ ಗೊತ್ತು. ಜನ ಅದನ್ನು ಮಿಷನ್ ಆಸ್ಪತ್ರೆ ಎನ್ನುತ್ತಾರೆ. ಅಲ್ಲಿ 1934ರಿಂದಲೇ ಹೆರಿಗೆಯಾದ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. ಬರೆದವರಿಗೆ ಮುಂದೆ ಇದರಿಂದ ಏನಾದೀತೆಂದು ಗೊತ್ತಿರಲಿಕ್ಕಿಲ್ಲ. ಹಲವು ದಶಕಗಳ ನಂತರ ಆಸ್ಪತ್ರೆಯ ವೈದ್ಯರೂ ಇಂಗ್ಲೆಂಡಿನ ಸೌತಾಂಪ್ಟನ್ನಿನ ವೈದ್ಯರೂ ಸೇರಿ ಆ ಹಳೆಯ ರಿಜಿಸ್ಟರುಗಳನ್ನು ತೆಗೆದರು. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿ, ಮೈಸೂರಿನಲ್ಲೇ ವಾಸವಾಗಿದ್ದ 517 ಮಂದಿಯನ್ನು ಪರೀಕ್ಷೆ ಮಾಡಿದರು. 1996ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು.

ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕವಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. 3.1 ಕಿಲೋ ಅಥವಾ ಹೆಚ್ಚು ತೂಕವಿದ್ದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ತೊಟ್ಟಿಲಿನಲ್ಲಿ ಕಡಿಮೆಯಾದದ್ದರ ಲೆಕ್ಕ ನಲವತ್ತೈದು ದಾಟಿದ ಮೇಲೆ ಎದೆಯಲ್ಲಿ ಕಾಣಿಸಿತು.

ಇದೇ ರಿಜಿಸ್ಟರಿನಿಂದ 1998ರಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ ಪ್ರಕಟವಾದ ಲೆಕ್ಕ ಸ್ವಲ್ಪ ಬೇರೆ. ಹುಟ್ಟಿದಾಗ ಉದ್ದ ಕಡಿಮೆಯಿದ್ದು ಮೈ ದಪ್ಪಗಿದ್ದ, ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ ಆ ಕಾಯಿಲೆ ಹೆಚ್ಚಾಗಿತ್ತು. ಎಂದರೆ ಕೊರತೆಯೂ ಕೆಡಕು, ಅತಿಯೂ ಕೆಡಕು. ಕೊಬ್ಬಿದ ಪಡ್ಡೆಯ ಮಾತು ಇಲ್ಲಿ ನೆನಪಾಗಬೇಕು.

ಎರಡು ಮಾತು ಸ್ಪಷ್ಟವಾಗಿರಲಿ. ಒಂದು, ನೂರಕ್ಕೆ 11 ಎಂದರೆ ಉಳಿದ 89 ಮಂದಿ ಚೆನ್ನಾಗಿದ್ದರು. ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿಗೆ ಕಾಯಿಲೆ ಬಂದೇ ಬರುತ್ತದೆ ಎಂದು ಯಾರೂ ಹಣೆಬರಹ ಬರೆಯಬಾರದು. ಮುಂದಿನ ಊಟ, ದುಡಿಮೆ, ಬೀಡಿ ಸಿಗರೇಟು ಬಿಡುವುದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಎರಡು, ಇದನ್ನು ಕೇಳಿ ಯಾರೂ ತಾಯಿಯನ್ನು ದೂರಬಾರದು. ಆಕೆಯ ತಟ್ಟೆಗೆ ಏನು ಬಿತ್ತು ಎಂಬುದಕ್ಕೆ ಇಡೀ ಮನೆ ಹೊಣೆ.

ಕ್ಯಾನಿಗೆ ಮೊದಲೋ, ಮನೆಗೆ ಮೊದಲೋ?

ನಾನು ಬೆಳಿಗ್ಗೆ ಐದೂವರೆ ಆರು ಗಂಟೆಗೆ ಸಂಘಗಳಿಗೆ ಭೇಟಿ ಕೊಡುತ್ತೇನೆ. ತುಂಬು ಬಸುರಿ ಹೆಣ್ಣುಮಗಳು ಕ್ಯಾನು ಹಿಡಿದು ಹಾಲು ಹಾಕಲು ಬಂದದ್ದನ್ನು ನೋಡಿದ್ದೇನೆ. “ಏನವ್ವಾ, ನೀನು ಹಾಲು ಕುಡಿದ್ಯಾ?” ಎಂದರೆ ನಗುತ್ತಾಳೆ. “ಕಾಪಿಗೆ ಒಂದಿಷ್ಟು ಮಡಿಕೊಂಡಿವ್ನಿ ಸಾ” ಎನ್ನುತ್ತಾಳೆ. ಹಿಂಡಿಯ ಬಾಕಿ ಇದೆ, ಸಾಲದ ಕಂತು ಇದೆ, ಮಕ್ಕಳ ಸ್ಕೂಲು ಫೀಜು ಇದೆ. ಹಾಲಿನ ಬಟವಾಡೆ ನೆಚ್ಚಿಕೊಂಡ ಮನೆಯ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಹೆಚ್ಚು ಹಾಲು ಹಾಕಿ ಎಂದು ಹೇಳುವುದೇ ನನ್ನ ಕೆಲಸ. ಆದರೂ ಇಂದು ಹೇಳುತ್ತೇನೆ, ಗೆಜ್ಜಲಗೆರೆ ಡೇರಿಗೆ ಬರುವ ಹಾಲಿನಲ್ಲಿ ನಿಮ್ಮ ಮನೆಯ ಬಸುರಿಯ ಪಾಲು, ಬಾಣಂತಿಯ ಪಾಲು, ಚಿಕ್ಕ ಮಕ್ಕಳ ಪಾಲು ಬರುವುದು ಬೇಡ. ದಿನಕ್ಕೆ ಅರ್ಧ ಲೀಟರ್ ತೆಗೆದಿಟ್ಟು ಕ್ಯಾನು ತುಂಬಿಸಿ. ಮಾಂಸ ಮೊಟ್ಟೆ ತಿನ್ನದ ಮನೆಗಳಲ್ಲಿ ಬಿ-12 ಜೀವಸತ್ವ ಸಿಗುವುದು ಮುಖ್ಯವಾಗಿ ಹಾಲು ಮೊಸರಿನಿಂದಲೇ. ಹಾಲೊಂದೇ ಸಾಲದು, ಬೇಳೆ, ಸೊಪ್ಪು, ರಾಗಿ, ಕಬ್ಬಿಣಾಂಶದ ಮಾತ್ರೆ ಎಲ್ಲವೂ ಬೇಕು.

ಹಸುಗೂಸಿನ ವಿಷಯದಲ್ಲಿ ಮಾತ್ರ ನನ್ನ ಮಾತು ತಿರುಗುತ್ತದೆ. ಮಗು ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಮೊದಲ ಹಳದಿ ಹಾಲು ಕುಡಿಸಬೇಕು, ಅದು ಮಗುವಿನ ಗಿಣ್ಣುಹಾಲು, ಅದನ್ನು ಹಿಂಡಿ ಚೆಲ್ಲಬಾರದು. ಆರು ತಿಂಗಳವರೆಗೆ ತಾಯಿಯ ಹಾಲು ಮಾತ್ರ. ಹಸುವಿನ ಹಾಲು ಬೇಡ. ಹಾಲು ಒಕ್ಕೂಟದ ಅಧಿಕಾರಿಯೇ ಇದನ್ನು ಹೇಳುತ್ತಿದ್ದೇನೆ. ಹೆಚ್ಚಿನ ವಿವರಕ್ಕೆ ಆಶಾ ಕಾರ್ಯಕರ್ತೆಯನ್ನೂ ಆಸ್ಪತ್ರೆಯ ವೈದ್ಯರನ್ನೂ ಕೇಳಿ.

ಸರ್ಕಾರದ ನೆರವೂ ಇದೆ. ಮಳವಳ್ಳಿಯ ಪಕ್ಕದ ಟಿ. ನರಸೀಪುರದಲ್ಲೇ 1975ರ ಅಕ್ಟೋಬರ್ 2ರಂದು ನಮ್ಮ ರಾಜ್ಯದ ಮೊದಲ ಅಂಗನವಾಡಿಗಳು ಪ್ರಾರಂಭವಾದವು. 2013ರಲ್ಲಿ ಬಂದ ಕ್ಷೀರಭಾಗ್ಯದಿಂದ ಶಾಲೆಯ ಮಕ್ಕಳಿಗೆ 150 ಮಿ.ಲೀ. ಬಿಸಿ ಹಾಲು ಸಿಕ್ಕಿತು. ಅದು ನಿಮ್ಮಂಥ ಉತ್ಪಾದಕರು ಹಾಕಿದ ಹಾಲಿನ ಪುಡಿಯೇ. 2017ರಲ್ಲಿ ಬಸುರಿ ಬಾಣಂತಿಯರಿಗಾಗಿ ಮಾತೃಪೂರ್ಣ ಯೋಜನೆ ಬಂತು. ಅಂಗನವಾಡಿಗೆ ಹೋಗಿ ಊಟ ಮಾಡುವುದನ್ನು ಯಾರೂ ಅವಮಾನವೆಂದು ತಿಳಿಯಬೇಡಿ.

ಕೊಟ್ಟಿಗೆಯಲ್ಲಿ ಹೆಣ್ಣು ಕರು ಹುಟ್ಟಿದರೆ ಕಾಯಿ ಒಡೆಯುವ ನಾವು, ಮನೆಯಲ್ಲಿ ಹೆಣ್ಣು ಮಗು ಹುಟ್ಟಿದಾಗ ಮುಖ ಸಣ್ಣ ಮಾಡಿಕೊಳ್ಳಬಾರದು. ನಾಳಿನ ತಾಯಿ ಅವಳೇ. ಅವಳ ತಟ್ಟೆಯಲ್ಲಿ ಕಡಿಮೆಯಾದದ್ದು ಮೊಮ್ಮಕ್ಕಳವರೆಗೂ ಹೋಗಬಹುದು.

ಸದಸ್ಯರು ಗಮನದಲ್ಲಿಡಬೇಕಾದ ಅಂಶಗಳು

1. ಕರು ಹಾಕುವ 60 ದಿನ ಮೊದಲು ಹಾಲು ಬತ್ತಿಸಿ. ಪಶು ಆಹಾರ, ಹಸಿ ಮೇವು ಮುಂದುವರಿಸಿ. ನೆರಳು ನೀರು ಒದಗಿಸಿ.

2. ಹುಟ್ಟಿದ ಎರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ. ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್ ಹಚ್ಚಿ.

3. ಮೊದಲ ಎರಡು ತಿಂಗಳು ದಿನಕ್ಕೆ ತೂಕದ ಹತ್ತನೆಯ ಒಂದು ಭಾಗ ಹಾಲು. ಎರಡನೆಯ ವಾರದಿಂದ ಸ್ವಲ್ಪ ಸ್ವಲ್ಪ ಕರುಗಳ ಆಹಾರ, ಎಳೆಯ ಹಸಿ ಮೇವು, ಶುದ್ಧ ನೀರು.

4. ಎರಡನೆಯ ವಾರದಲ್ಲಿ ಜಂತಿನ ಔಷಧಿ. ಆಮೇಲೆ ಆರು ತಿಂಗಳವರೆಗೆ ವೈದ್ಯರ ಸಲಹೆಯಂತೆ. ಎಮ್ಮೆ ಕರುಗಳಲ್ಲಿ ಇದನ್ನು ಮರೆಯಲೇಬೇಡಿ.

5. ನಾಲ್ಕು ತಿಂಗಳು ತುಂಬಿದ ಮೇಲೆ ಕಾಲುಬಾಯಿ ಜ್ವರದ ಲಸಿಕೆ. ಹೆಣ್ಣು ಕರುಗಳಿಗೆ ಮಾತ್ರ ನಾಲ್ಕರಿಂದ ಎಂಟು ತಿಂಗಳೊಳಗೆ ಒಮ್ಮೆ ಕಂದು ರೋಗದ (ಬ್ರುಸೆಲ್ಲಾ) ಲಸಿಕೆ.

6. ಪಡ್ಡೆಗೆ ವಯಸ್ಸು ನೋಡಿ ಅಲ್ಲ, ತೂಕ ನೋಡಿ ಗರ್ಭಧಾರಣೆ ಮಾಡಿಸಿ. ಮಿಶ್ರತಳಿಗೆ ಸುಮಾರು 250 ಕಿಲೋ ಇರಬೇಕು. ತಕ್ಕಡಿ ಬೇಕಾಗಿಲ್ಲ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮೂಳೆಯಿಂದ ಬಾಲದ ಬುಡದ ಪಕ್ಕದ ಮೂಳೆಯವರೆಗೆ ಉದ್ದ, ಎರಡನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಲೆಕ್ಕ ಸಿಗುತ್ತದೆ. ಸುತ್ತಳತೆ 60, ಉದ್ದ 45 ಇಂಚಿದ್ದರೆ ತೂಕ ಸುಮಾರು 245 ಕಿಲೋ.

ಆ ಎರಡನೆಯ ಮನೆಯ ಯಜಮಾನರ ವಿಷಯ ಹೇಳಿ ಮುಗಿಸುತ್ತೇನೆ. 41 ತಿಂಗಳಿಗೆ ಕರು ಹಾಕಿದ ಆ ಹಸುವನ್ನು ಅವರು ಮಾರಲಿಲ್ಲ. ಅದರ ಎರಡನೆಯ ಕರು ಹೆಣ್ಣು. ಅದು ಹುಟ್ಟಿದ ರಾತ್ರಿ ಒಂದು ಗಂಟೆಗೆ ನನಗೆ ಫೋನು ಮಾಡಿದರು. “ಸಾ, ಕಸ ಇನ್ನೂ ಬಿದ್ದಿಲ್ಲ. ಗಿಣ್ಣುಹಾಲು ಕುಡಿಸಿದ್ದೀನಿ. ಸರೀನಾ?” ಎಂದರು. ಸರಿ ಎಂದೆ. ಆ ಕರು 27 ತಿಂಗಳಿಗೆ ಸೂಲಿಗೆ ಬಂತು. ತಾಯಿ ಆರು ಲೀಟರಿನದು, ಮಗಳು ಹತ್ತು ಲೀಟರಿನದು. ತಾಯಿಯಲ್ಲೂ ಆ ಗುಣ ಇತ್ತು, ಆದರೆ ಅದಕ್ಕೆ ಕಾಲ ಮಿಂಚಿಹೋಗಿತ್ತು.

ಹೋರಿಯನ್ನು ಆರಿಸಿ ಕಡ್ಡಿ ತರುವ ಕೆಲಸ ನಮ್ಮದು. ಮೊದಲ ಎರಡು ಗಂಟೆ, ಮೊದಲ ಆರು ತಿಂಗಳು ನಿಮ್ಮ ಕೈಯಲ್ಲಿದೆ. ಎರಡೂ ಕೂಡಿದರೆ ಕೊಟ್ಟಿಗೆಯೂ ತುಂಬುತ್ತದೆ, ಮನೆಯೂ ತುಂಬುತ್ತದೆ.